ಅನಿಲದ ಫೋಟೋ

ಬೆಳಿಗ್ಗೆ ಹತ್ತೂ ಹತ್ತಕ್ಕೆ ಫೋನು ಕುಂಯ್ ಅಂದಾಗ ಹಾಲೇಶ್ ಮೇಷ್ಟ್ರು ಏಳನೆಯ ತರಗತಿಗೆ ದ್ರವ್ಯದ ಮೂರು ಸ್ಥಿತಿಗಳನ್ನು ಆರನೆಯ ಸಲ ಹೇಳುತ್ತಿದ್ದ. ಘನಕ್ಕೆ ಆಕಾರವೂ ಉಂಟು, ಗಾತ್ರವೂ ಉಂಟು. ದ್ರವಕ್ಕೆ ಗಾತ್ರ ಉಂಟು, ಆಕಾರ ಇಲ್ಲ. ಅನಿಲಕ್ಕೆ ಎರಡೂ ಇಲ್ಲ, ಸಿಕ್ಕ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಮಕ್ಕಳು ಆಕಳಿಸಿದರು. ಮೇಷ್ಟ್ರು ಫೋನು ತೆಗೆದು ನೋಡಿದ.

ಆಂಧ್ರದ ಶಿಕ್ಷಣ ಇಲಾಖೆಯ ಸಂದೇಶ. ಎಲ್ಲ ವಿಜ್ಞಾನ ಶಿಕ್ಷಕರು ಇಂದು ಸಂಜೆ ಐದರೊಳಗೆ ಘನದ್ದೊಂದು, ದ್ರವದ್ದೊಂದು, ಅನಿಲದ್ದೊಂದು ಫೋಟೋ ತೆಗೆದು ಆ್ಯಪಿಗೆ ಏರಿಸತಕ್ಕದ್ದು. ಫೋಟೋದಲ್ಲಿ ಆಯಾ ವಸ್ತುವನ್ನು ಬಿಟ್ಟು ಬೇರೇನೂ ಕಾಣಕೂಡದು. ಸರಿಯೋ ತಪ್ಪೋ ಎಂಬುದನ್ನು ಯಂತ್ರವೇ ನೋಡಿ ಹೇಳುತ್ತದೆ. ತಪ್ಪಿದವರಿಗೆ ಮೆಮೊ. ಕೆಳಗೆ ತೆಲುಗಿನಲ್ಲಿ ಹನ್ನೊಂದು ನಿಯಮಗಳಿದ್ದವು. ಹಾಲೇಶ್ ನಾಲ್ಕರವರೆಗೆ ಓದಿ ಬಿಟ್ಟ. ಹನ್ನೊಂದನೆಯದನ್ನು ಜಿಲ್ಲೆಯಲ್ಲಿ ಯಾರೂ ಓದಿರಲಾರರು, ಬರೆದವನೂ ಸೇರಿದಂತೆ.

ಮೆಮೊ ಎಂದರೆ ಅವನೇನೂ ಹೆದರುವ ಆಸಾಮಿಯಲ್ಲ. ಹಿಂದಿನ ವರ್ಷಗಳ ಮೆಮೊಗಳು ಮನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲದ ತುಂಬ ಇದ್ದವು: ಶೌಚಾಲಯದ ಫೋಟೋ ಮಸುಕಾಗಿದೆ, ಮೊಟ್ಟೆಯ ಫೋಟೋದಲ್ಲಿ ಮೊಟ್ಟೆ ಸಣ್ಣದಾಗಿದೆ, ಕೈ ತೊಳೆಯುವ ಮಕ್ಕಳು ನಗುತ್ತಿಲ್ಲ. ಆದರೆ ಈ ವರ್ಷ ಒಂದೂ ಬರದಂತೆ ಮೈಯೆಲ್ಲ ಕಣ್ಣಾಗಿ ಕಾದುಕೊಂಡಿದ್ದ. ಆದೋನಿ ಪಟ್ಟಣದ ಶಾಲೆಯಲ್ಲಿ ಒಂದೇ ಒಂದು ಮೇಷ್ಟ್ರ ಜಾಗ ಖಾಲಿ ಇತ್ತು. ವರ್ಷದಲ್ಲಿ ಮೆಮೊ ಇಲ್ಲದವರಿಗೆ ಮಾತ್ರ ಅದು. ವರ್ಗಾವಣೆಯ ಪಟ್ಟಿ ಈ ವಾರವೇ ಬೀಳುವುದಿತ್ತು.

ನಾಲ್ಕು ವರ್ಷಗಳಿಂದ ಅವನು ಆದೋನಿಯ ಬಾಡಿಗೆ ಮನೆಯಿಂದ ಆರೂವರೆಗೆ ಹೊರಟು, ಕೌತಾಳಂವರೆಗೆ ಬಸ್ಸಿನಲ್ಲಿ ನಿಂತು, ಅಲ್ಲಿಂದ ಈ ಹಳ್ಳಿಗೆ ಆಟೋದ ಹಿಂದೆ ಜೋತುಬಿದ್ದು ಬರುತ್ತಿದ್ದ. ಅಂದು ಬೆಳಿಗ್ಗೆ ಹೆಂಡತಿ ಮಂಗಳಾ ಬುತ್ತಿಯ ಡಬ್ಬಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಕುಕ್ಕಿ ಹೇಳಿದ್ದಳು:

"ಈ ಸಲ ಆದೋನಿ ಸಿಗಲಿಲ್ಲಂದ್ರ ನೀವು ಅಲ್ಲೇ ಸಾಲ್ಯಾಗ ಇದ್ದುಬಿಡ್ರಿ. ನಸುಕಿನ್ಯಾಗ ಎದ್ದು ರೊಟ್ಟಿ ಬಡಿಯೂದು ನನ್ನಿಂದ ಆಗಂಗಿಲ್ಲ."

ಒಂದೇ ಕೋಣೆಯ ಆ ಕನ್ನಡ ಶಾಲೆಗೆ ಮೇಷ್ಟ್ರುಗಳು ಇಬ್ಬರೇ. ಇನ್ನೊಬ್ಬರು ಹೆಡ್‌ಮಾಸ್ಟರು ಸೋಮಶೇಖರಪ್ಪನವರು. ಹಣೆಯ ತುಂಬ ವಿಭೂತಿ, ಕಿವಿಯ ತುಂಬ ಫೋನು. ಆದೋನಿಯಲ್ಲಿ ಅಣ್ಣತಮ್ಮಂದಿರ ಹತ್ತಿ ಅಂಗಡಿ ಇತ್ತು. ಇವರು ಶಾಲೆಯ ಕುರ್ಚಿಯಲ್ಲಿ ಕೂತು ಆ ಅಂಗಡಿಯನ್ನು ನಡೆಸುತ್ತಿದ್ದರು, ಬಿಡುವಾದಾಗ ಹೆಡ್‌ಮಾಸ್ಟರಾಗುತ್ತಿದ್ದರು. ಆದೋನಿಯ ಜಾಗಕ್ಕೆ ಅವರೂ ಅರ್ಜಿ ಹಾಕಿದ್ದರು, ಆದರೆ ಈ ವರ್ಷ ಅವರ ಹೆಸರಿಗೆ ಎರಡು ಮೆಮೊ ಬಿದ್ದಿದ್ದರಿಂದ ಆಸೆ ಬಿಟ್ಟಿದ್ದರು.

ಹಾಲೇಶ್ ಅಂಗಳದಲ್ಲಿ ಕಲ್ಲು ಹುಡುಕುವುದನ್ನು ಕಂಡು ಅವರು ಫೋನನ್ನು ಕಿವಿಯಿಂದ ಅರ್ಧ ಸರಿಸಿದರು.

"ಏನ್ರಿ, ಚಿನ್ನ ಬಿದ್ದೈತೇನು?"

ಹಾಲೇಶ್ ವಿಷಯ ಹೇಳಿದ.

"ಕಲ್ಲು ಯಾಕ್ರಿ? ಕಲ್ಲು ಎಲ್ಲಾ ಊರಾಗೂ ಐತಿ. ನಮ್ಮ ಹತ್ತಿ ತೆಗೀರಿ. ಆದೋನಿ ಹೆಸರು ಬರ್ತೈತಿ." ಚೀಲದಿಂದ ಮುಷ್ಟಿಯಷ್ಟು ಹತ್ತಿಯ ಮಾದರಿ ತೆಗೆದು ಮೇಜಿನ ಮೇಲಿಟ್ಟರು.

"ಸಾರ್, ಹತ್ತಿ ಒತ್ತಿದರ ಸಣ್ಣದಾಗತೈತಿ. ಘನಾನ ಒತ್ತಾಕ ಬರಂಗಿಲ್ಲಂತ ಪುಸ್ತಕದಾಗ ಐತಿ."

"ಪುಸ್ತಕ ಬರದಾಂವ ಹತ್ತಿ ಪ್ರೆಸ್ ನೋಡ್ಯಾನೇನು? ಒತ್ತಿಸಿಕೊಂಡು ಗಟ್ಟಿ ಮೂಟಿ ಆಗಿ, ಅಂಡಿಗಿ ಆಗಿ ಹೊರಗ ಬಂದ ಮ್ಯಾಲ ಅದರ ಮ್ಯಾಲ ಲಾರಿ ನಿಂದ್ರಸಬೌದು. ತೆಗೀರಿ ಅಂದ್ರ ತೆಗೀರಿ."

ಹೆಡ್‌ಮಾಸ್ಟರ ಮಾತು. ಹಾಲೇಶ್ ಬಿಳಿ ಹತ್ತಿಯನ್ನು ಹತ್ತಿರದಿಂದ, ಚೌಕಟ್ಟಿನ ತುಂಬ ಬರುವಂತೆ ತೆಗೆದ. ಆ ಹಳ್ಳಿಯಲ್ಲಿ ಫೋಟೋ ಹೋಗುವಷ್ಟು ನೆಟ್‌ವರ್ಕ್ ಸಿಗುತ್ತಿದ್ದುದು ಶಾಲೆಯ ಹಿಂದಿನ ನೀರಿನ ಟ್ಯಾಂಕಿಗೆ ಹತ್ತುವ ಕಬ್ಬಿಣದ ಏಣಿಯ ಏಳನೆಯ ಮೆಟ್ಟಿಲಲ್ಲಿ. ಆರರಲ್ಲಿ ಇಲ್ಲ, ಎಂಟರಲ್ಲಿ ಜೇನುಗೂಡು. ಹಾಲೇಶ್ ಹತ್ತಿದ, ಫೋಟೋ ಬಿಟ್ಟ, ಕಾದ. ಯಂತ್ರ ಕೆಂಪು ಅಕ್ಷರದಲ್ಲಿ ಉತ್ತರ ಕೊಟ್ಟಿತು. ತಿರಸ್ಕರಿಂಚಬಡಿನದಿ. ಕಾರಣ: ಇದು ಹೊಗೆ.

ಕೆಳಗಿಳಿದು ಹೇಳಿದಾಗ ಸೋಮಶೇಖರಪ್ಪನವರ ಮುಖ, ಮಾರ್ಕೆಟ್ ಯಾರ್ಡಿನಲ್ಲಿ ನಿಮ್ಮ ಹತ್ತಿಗೆ ನೀರು ಹೊಡೆದಿದ್ದೀರಿ ಎಂದು ಯಾರೋ ಕೂಗಿ ಹೇಳಿದಂತಾಯಿತು.

"ನಮ್ಮಪ್ಪನ ಕಾಲದಿಂದ ಹತ್ತಿ ಮಾರ್ತೀವಿ. ಹೊಗೆ ಅಂತದ?"

ಹಾಲೇಶ್ ಮತ್ತೆ ಹೋಗಿ ಬಾಗಿಲ ಮುಂದಿನ ಮೆಟ್ಟಿಲುಗಲ್ಲಿನ ಫೋಟೋ ತೆಗೆದು ಏರಿಸಿದ. ಒಪ್ಪಿಗೆಯ ಹಸಿರು ಅಕ್ಷರ. ಆಮೋದಿಂಚಬಡಿನದಿ. ಘನ ಮುಗಿಯಿತು.

ದ್ರವವೇನು ಮಹಾ ಎಂದುಕೊಂಡು ಗಾಜಿನ ಲೋಟದಲ್ಲಿ ನೀರು ಹಿಡಿದ. ಯಂತ್ರ ಇದು ಗಾಜು, ಘನ ಎಂದಿತು. ನೀರನ್ನು ನೆಲಕ್ಕೆ ಚೆಲ್ಲಿ ತೆಗೆದ. ಇದು ನೆಲ, ಘನ ಎಂದಿತು. ಬಕೇಟು, ಕೊಡ, ಅಂಗೈ ಎಲ್ಲ ಆದವು. ಐದು ಸಲ ಏಣಿ ಹತ್ತಿ ಇಳಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತ.

ಒಳಗೆ ಸುಂಕಲಮ್ಮ ಬಿಸಿಯೂಟದ ಪಪ್ಪು ಕುದಿಸುತ್ತಿದ್ದಳು. ಪಪ್ಪು ಎಂದರೆ ಗಟ್ಟಿ ತೊವ್ವೆ, ಸರ್ಕಾರದ ಪಟ್ಟಿಯ ಪ್ರಕಾರ. ಸುಂಕಲಮ್ಮನ ಪಾತ್ರೆಯಲ್ಲಿ ಬೇಳೆಗಳು ಒಂದಕ್ಕೊಂದು ಪರಿಚಯವಿಲ್ಲದ ಊರಿನವರಂತೆ ದೂರ ದೂರ ತೇಲುತ್ತಿದ್ದವು. ಹಾಲೇಶ್ ಎದ್ದ, ಪಾತ್ರೆಯ ಮೇಲೆ ಬಾಗಿದ, ಅಂಚು ಕಾಣದಂತೆ ಒಂದು ಫೋಟೋ ಹೊಡೆದ. ಏಣಿ ಹತ್ತಿದ. ಮೂರೇ ಸೆಕೆಂಡು. ದ್ರವ. ಆಮೋದಿಂಚಬಡಿನದಿ.

"ಸುಂಕಲಮ್ಮ, ನಿನ್ನ ಪಪ್ಪು ಪಾಸಾತು."

"ಆಗಲಾರದೇನು? ನಾನು ಮಾಡಿದ್ದಲ್ಲೇನು?" ಎಂದಳು ಆಕೆ. ಆಮೇಲೆ ಅನುಮಾನ ಬಂದು ಸೌಟು ನಿಲ್ಲಿಸಿದಳು. "ಯಾತರಾಗ ಪಾಸಾತು?"

ಹಾಲೇಶ್ ಹೇಳಿದ. ಹೇಳಬಾರದಿತ್ತು. ಬುತ್ತಿಯ ರೊಟ್ಟಿಯ ಜೊತೆ ದಿನಾ ಬೀಳುತ್ತಿದ್ದ ಮೊಟ್ಟೆ ಅಂದು ಮಧ್ಯಾಹ್ನ ಅವನ ತಟ್ಟೆಗೆ ಬೀಳಲಿಲ್ಲ. ಮೊಟ್ಟೆ ಎಲ್ಲಿ ಎಂದರೆ ಸುಂಕಲಮ್ಮ, "ದ್ರವ ಕುಡೀರಿ ಸಾರ್, ಸರ್ಕಾರದೋರು ಒಪ್ಯಾರಲ್ಲ" ಎಂದು ಎರಡು ಸೌಟು ಹೆಚ್ಚು ಸುರಿದಳು.

ಉಳಿದದ್ದು ಅನಿಲ. ಊಟವಾದ ಮೇಲೆ ಹಾಲೇಶ್ ಕೂತು ಯೋಚಿಸಿದ. ಅನಿಲ ಬಿಟ್ಟು ಬೇರೇನೂ ಕಾಣಕೂಡದು. ಅನಿಲವೋ, ಅದೇ ಕಾಣುವುದಿಲ್ಲ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿದ್ದರೆ ಬುದ್ಧಿಯಿದ್ದವನು ಫೋನು ಬಿಸುಟು ಎದ್ದುಹೋಗುತ್ತಿದ್ದ. ಹಾಲೇಶ್ ಅನ್ನದ ಪಾತ್ರೆಯ ಹಬೆಯ ಫೋಟೋ ತೆಗೆದ. ಯಂತ್ರ ನೀರಿನ ಹನಿ, ದ್ರವ ಎಂದಿತು.

"ಹಬೆ ಅನಿಲ ಅಂತ ನೀವs ಹೇಳಿದ್ರಿ ಸಾರ್" ಎಂದಳು ಏಳನೆಯ ತರಗತಿಯ ಗಂಗೋತ್ರಿ. ಪುಸ್ತಕದಲ್ಲಿ ಬರೆದದ್ದನ್ನು ಓದುವ ಕೆಟ್ಟ ಚಟ ಆ ಶಾಲೆಯಲ್ಲಿ ಆಕೆಯೊಬ್ಬಳಿಗೇ ಇತ್ತು. "ಕಣ್ಣಿಗೆ ಕಾಣೂ ಹಬೆ ಸಣ್ಣ ಹನಿ ಅಂತ ಪುಸ್ತಕದಾಗ ಐತ್ರಿ."

"ಬಾಯಿ ಮುಚ್ಚಿಕೊಂಡು ಕೂಡು" ಎಂದ ವಿಜ್ಞಾನದ ಮೇಷ್ಟ್ರು.

ಅಷ್ಟು ಹೊತ್ತಿಗೆ ಮೇಷ್ಟ್ರು ಟ್ಯಾಂಕಿನ ಏಣಿ ಹತ್ತಿಳಿಯುವ ಸುದ್ದಿ ಊರೆಲ್ಲ ಹಬ್ಬಿ, ಶಾಲಾ ಕಮಿಟಿಯ ಚೇರ್ಮನ್ ಉರುಕುಂದಪ್ಪ ಬಂದ. ಎದುರಿನ ಪಂಕ್ಚರ್ ಅಂಗಡಿ ಅವನದೇ. ಕೆಲಸವಿಲ್ಲದ ಐದಾರು ಜನ ಅವನ ಹಿಂದೆ.

"ಏಮಾಯಿಂದಿ ಸಾರ್? ಟ್ಯಾಂಕಿನ್ಯಾಗ ಹೆಣ ಗಿಣ ಬಿದ್ದೈತೇನು?"

ಹಾಲೇಶ್ ಹೇಳಿದ್ದನ್ನು ಕೇಳಿ ಅವನು ನಕ್ಕ. "ಇದಕ್ಕ ಇಷ್ಟು ಒದ್ದಾಡ್ತೀರೇನು? ಗಾಳಿ ನನ್ನ ಕಸುಬು. ಇಪ್ಪತ್ತು ವರ್ಷಾತು ಗಾಳಿ ಮಾರಾಕ ಹತ್ತಿ. ಬರ್ರಿ."

ಅಂಗಡಿಯಲ್ಲಿ ಅವನು ತೂತು ಬಿದ್ದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿದ. ಬುಳುಬುಳು ಗುಳ್ಳೆಗಳೆದ್ದವು. ಹಾಲೇಶ್ ತೆಗೆದ, ರಸ್ತೆ ದಾಟಿ ಓಡಿದ, ಏಣಿ ಹತ್ತಿದ. ಇದು ಟಯರು, ಘನ. ವಾಪಸು ಬಂದು ಟ್ಯೂಬು ಕಾಣದಂತೆ ಗುಳ್ಳೆಗಳನ್ನಷ್ಟೇ ತೆಗೆದ. ಇದು ನೀರು, ದ್ರವ.

"ಹಂಗಾರ ನಾನು ಬಿಟ್ಟ ಗಾಳಿ ಎಲ್ಲಿಗೆ ಹೋತು?" ಎಂದ ಉರುಕುಂದಪ್ಪ. ಇಪ್ಪತ್ತು ವರ್ಷದ ಕಸುಬಿಗೇ ಯಂತ್ರ ಉಗುಳಿತ್ತು. ಸಿಟ್ಟಿನಲ್ಲಿ ಬೀಡಿ ಹಚ್ಚಿ, ಸುಣ್ಣದ ಗೋಡೆಯ ಮುಂದೆ ನಿಂತು ಬುಸ್ಸೆಂದು ದಟ್ಟವಾಗಿ ಹೊಗೆ ಬಿಟ್ಟ. "ತೆಗೀರಿ ಈಗ. ಇದು ಕಾಣ್ತದಲ್ಲ."

ಹೊಗೆಯ ಫೋಟೋ ಚೆನ್ನಾಗಿಯೇ ಬಂತು. ಗೋಡೆಯೂ ಬಿಳಿ, ಹೊಗೆಯೂ ಬಿಳಿ. ಹಾಲೇಶ್ ಏಣಿಯ ಏಳನೆಯ ಮೆಟ್ಟಿಲಲ್ಲಿ ಕಣ್ಣುಮುಚ್ಚಿಕೊಂಡು ಕಾದು, ಕಣ್ಣುಬಿಟ್ಟು ಓದಿದ. ತಿರಸ್ಕರಿಂಚಬಡಿನದಿ. ಕಾರಣ: ಇದು ಹತ್ತಿ.

ಈ ಸುದ್ದಿ ಕೇಳಿ ಸೋಮಶೇಖರಪ್ಪನವರು ಮೊದಲ ಸಲ ಫೋನನ್ನು ಪೂರ್ತಿ ಕೆಳಗಿಟ್ಟರು.

"ಅಂದ್ರ, ಯಂತ್ರಕ್ಕ ಹೊಗೆ ಹತ್ತಿ, ಹತ್ತಿ ಹೊಗೆ. ಬೆಳಿಗ್ಗೆ ತೆಗೆದ ಹತ್ತಿ ಫೋಟೋ ಐತಲ್ರಿ? ಅದನ್ನs ಅನಿಲಕ್ಕ ಹಾಕ್ರಿ. ಮುಗೀತು."

"ಸಾರ್, ಹತ್ತಿ ಘನ ಅಲ್ರಿ?"

"ಬೆಳಿಗ್ಗೆ ನೀವs ಅಲ್ಲ ಅಂದಿದ್ರಿ."

ಹತ್ತು ವರ್ಷ ವಿಜ್ಞಾನ ಕಲಿಸಿದ ಹಾಲೇಶನ ಮನಸ್ಸಾಕ್ಷಿ ಒಂದರ್ಧ ನಿಮಿಷ ಮಿಡುಕಿತು. ಆದೋನಿ ನೆನಪಾದೊಡನೆ ಸುಮ್ಮನಾಯಿತು. ಹತ್ತಿಯ ಫೋಟೋ ಅನಿಲದ ಖಾನೆಗೆ ಹೋಯಿತು. ಈ ಸಲ ಯಂತ್ರ ಕೊಂಚ ಹೆಚ್ಚು ಹೊತ್ತು ತೆಗೆದುಕೊಂಡು ಉದ್ದ ಉತ್ತರ ಕೊಟ್ಟಿತು. ಈ ಫೋಟೋ ಬೆಳಿಗ್ಗೆ ಘನದ ಹೆಸರಿನಲ್ಲಿ ಬಂದಿತ್ತು. ಇದು ಮೋಸದ ಯತ್ನ. ಇನ್ನು ಒಂದೇ ಅವಕಾಶ. ಅದೂ ತಪ್ಪಿದರೆ ಮೆಮೊ ತಾನಾಗಿಯೇ ಹೊರಡುವುದು.

ಹಾಲೇಶನ ಕಾಲು ಆರನೆಯ ಮೆಟ್ಟಿಲಿಗೆ ಜಾರಿತು. ನೆಟ್‌ವರ್ಕೂ ಹೋಯಿತು.

ಮತ್ತೆ ಮೇಲೇರಿ ಮಂಡಲದ ಶಿಕ್ಷಣ ಕಚೇರಿಯ ರುದ್ರೇಶನಿಗೆ ಫೋನು ಮಾಡಿದ. ಮೇಲಿನವರ ಆಜ್ಞೆಯನ್ನು ಕೆಳಗಿನವರಿಗೆ ದಾಟಿಸುವುದು, ಕೆಳಗಿನವರ ಬೈಗುಳವನ್ನು ತನ್ನೊಳಗೆ ಹಾಕಿಕೊಳ್ಳುವುದು ರುದ್ರೇಶನ ನೌಕರಿ.

"ರುದ್ರೇಶ್ ಸಾರ್, ಉಳಿದೋರೆಲ್ಲಾ ಅನಿಲಕ್ಕ ಏನು ಹಾಕ್ಯಾರ?"

"ಆಕಾಶ ಸಾರ್. ಖಾಲಿ ಆಕಾಶ. ಬೆಳಿಗ್ಗೆ ಹನ್ನೊಂದಕ್ಕs ಎಲ್ಲಾರ್ದೂ ಮುಗೀತು."

ಹಾಲೇಶ್ ತಲೆಯೆತ್ತಿದ. ತಲೆಯ ಮೇಲೆ ಬೇಕಾದಷ್ಟು ಬಿದ್ದಿತ್ತು, ಒಂದು ಮೋಡವೂ ಇಲ್ಲದೆ. "ಅಯ್ಯ, ಈಗs ತೆಗೀತೀನಿ."

"ಈಗ ನಡ್ಯಂಗಿಲ್ಲ. ಎಲ್ಲಾ ಸಾಲೀದೂ ಒಂದs ಫೋಟೋ ಬಂತಂತ ಜಿಲ್ಲಾದೋರು ಮಧ್ಯಾಹ್ನದಿಂದ ಆಕಾಶ ಬಂದ್ ಮಾಡ್ಯಾರ. ನಿಮ್ಮ ಮಂಡಲದಾಗ ನೀವೊಬ್ಬರs ಬಾಕಿ. ತೊಂದರಗಾ ಚೂಡಂಡಿ ಸಾರ್, ಜಲ್ದಿ ಮುಗಸ್ರಿ, ನನಗೂ ಮಾತು ಬರ್ತೈತಿ."

ಗಂಟೆ ಮೂರೂವರೆ. ಹಾಲೇಶ್ ತರಗತಿಗೆ ಬಂದು ಮೇಜಿನ ಮೇಲೆ ತಲೆಯಿಟ್ಟ. ಬಾಗಿಲಲ್ಲಿ ಹೆಡ್‌ಮಾಸ್ಟರು, ಸುಂಕಲಮ್ಮ, ಉರುಕುಂದಪ್ಪ ಮತ್ತವನ ಹಿಂಬಾಲಕರು ಸಾವಿನ ಮನೆಗೆ ಬಂದವರಂತೆ ನಿಂತಿದ್ದರು.

"ಸಾರ್" ಎಂದಳು ಗಂಗೋತ್ರಿ. "ಗಾಳಿ ಈ ಖೋಲ್ಯಾಗs ಐತಲ್ರಿ."

ಉರುಕುಂದಪ್ಪ ಕೋಣೆಯ ಮೂಲೆ ಮೂಲೆ ನೋಡಿದ.

"ಅನಿಲ ತಾನಿರೂ ಪಾತ್ರೆ ತುಂಬ ಇರತೈತಿ ಅಂತ ನೀವs ಬರಸೀರಿ. ಖೋಲಿ ಅಂದ್ರ ಪಾತ್ರೆ. ಖೋಲೀದು ಫೋಟೋ ತೆಗೀರಿ."

ಹಾಲೇಶ್ ತಲೆಯೆತ್ತಿ, ಕಣ್ಣರಳಿಸಿ, ಎದ್ದು ನಿಂತು, "ನಾನೂ ಅದನ್ನs ಯೋಚನಿ ಮಾಡಾಕ ಹತ್ತಿದ್ದೆ" ಎಂದ.

ಆಮೇಲೆ ಒಂದು ತಾಸು ಆ ಶಾಲೆಯಲ್ಲಿ ನಡೆದದ್ದನ್ನು ಯಾರಾದರೂ ದಾರಿಹೋಕರು ಕಂಡಿದ್ದರೆ ಜಪ್ತಿ ಎಂದುಕೊಳ್ಳುತ್ತಿದ್ದರು. ಅನಿಲ ಬಿಟ್ಟು ಬೇರೇನೂ ಕಾಣಕೂಡದು. ಮೊದಲು ನಲವತ್ತಮೂರು ಮಕ್ಕಳನ್ನು ಹೊರಗೆ ಹಾಕಿದರು. ಬಳಿಕ ಬೆಂಚು, ಮೇಜು, ಕುರ್ಚಿ, ಗ್ಲೋಬು. ಉರುಕುಂದಪ್ಪನ ಹಿಂಬಾಲಕರು ಕರಿಹಲಗೆಯನ್ನು ಮೊಳೆಸಮೇತ ಕಿತ್ತರು. ಅದರ ಜೊತೆ ಅಂಗೈಯಗಲ ಸಿಮೆಂಟೂ ಬಂತು. ಗೋಡೆಯ ಮೇಲಿನ ಭೂಪಟ, ಕಾಗುಣಿತ, ಮಾನವನ ಜೀರ್ಣಾಂಗ ವ್ಯೂಹ ಎಲ್ಲ ಇಳಿದವು. ಸುಂಕಲಮ್ಮ ಮೊಟ್ಟೆಯ ಸಿಟ್ಟು ಮರೆತು ನೆಲ ಗುಡಿಸಿದಳು. ಕೊನೆಗೆ ಒಂದು ಹಲ್ಲಿ ಉಳಿಯಿತು. ಅದು ಜಂತಿಯ ಹತ್ತಿರ ಅಂಟಿಕೊಂಡು, ಆ ಶಾಲೆಯಲ್ಲಿ ಹಾಜರಾತಿ ತಪ್ಪಿಸದ ಏಕೈಕ ಪ್ರಾಣಿ ತಾನೆಂಬಂತೆ ಕದಲದೆ ಕೂತಿತ್ತು. ನಾಲ್ಕು ಜನ ಎರಡು ಕಸಬರಿಗೆ ಹಿಡಿದು ಅದನ್ನು ಓಡಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು.

"ಎಷ್ಟು ದೊಡ್ಡ ಖೋಲಿ ಐತಿ ನೋಡ್ರಿ" ಎಂದರು ಸೋಮಶೇಖರಪ್ಪನವರು, ಖಾಲಿ ಕೋಣೆಯನ್ನು ಮೊದಲ ಸಲ ಪ್ರೀತಿಯಿಂದ ನೋಡುತ್ತ. "ನೂರು ಅಂಡಿಗಿ ಹಿಡಸ್ತೈತಿ."

ಕಿಟಕಿಯಲ್ಲಿ ಮಕ್ಕಳ ತಲೆಗಳು ಕಂಡವು. ಹಾಲೇಶ್ ಎಲ್ಲರನ್ನೂ ಹಿತ್ತಲ ಗೋಡೆಯ ಹಿಂದಕ್ಕೆ ಅಟ್ಟಿದ. ನೆರಳೂ ಬೀಳಕೂಡದು ಎಂದು ಸಾಲಾಗಿ ಕೂಡಿಸಿದ.

"ಸಾರ್, ನಾವು ಒಳಗ ಇದ್ರ ಗಾಳಿ ಇರಂಗಿಲ್ಲೇನ್ರಿ?" ಗಂಗೋತ್ರಿ ಕೇಳಿದಳು.

"ನೀವಿದ್ರ ನೀವು ಕಾಣ್ತೀರಿ. ನೀವು ಕಾಣಬಾರದು" ಎಂದ ಹಾಲೇಶ್.

ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದು ತೆಗೆದ. ಮೂರು ಗೋಡೆ, ಒಂದು ನೆಲ, ನಡುವೆ ಏನೂ ಇಲ್ಲ. ನಾಲ್ಕೂ ಐವತ್ತೆರಡಕ್ಕೆ ಏಣಿ ಹತ್ತಿದ. ಕೆಳಗೆ ಊರು ನೆರೆದಿತ್ತು. ನಾಲ್ಕೂ ಐವತ್ತೈದಕ್ಕೆ ಯಂತ್ರ ಹಸಿರಾಯಿತು. ಅನಿಲ. ನೂರಕ್ಕೆ ನೂರು. ಆಮೋದಿಂಚಬಡಿನದಿ.

"ಪಾಸಾತು" ಎಂದು ಹಾಲೇಶ್ ಕೂಗಿದ ರಭಸಕ್ಕೆ ಎಂಟನೆಯ ಮೆಟ್ಟಿಲಿನ ಜೇನುಹುಳುಗಳು ಎದ್ದವು. ಬಲಗೆನ್ನೆಗೆ ಎರಡು, ಕಿವಿಗೆ ಒಂದು. ಅವನು ಲೆಕ್ಕಿಸಲಿಲ್ಲ.

ಬೆಂಚುಗಳನ್ನು ಒಳಗಿಡಲು ಯಾರೂ ನಿಲ್ಲಲಿಲ್ಲ. ಹೊರಗೆ ಹಾಕುವಾಗ ಇದ್ದ ಹುರುಪು ಒಳಗೆ ಹಾಕುವಾಗ ಯಾವ ಊರಲ್ಲೂ ಇರುವುದಿಲ್ಲ. ನಾಳೆ ನೋಡಿದರಾಯಿತು ಎಂದು ಎಲ್ಲರೂ ಚದುರಿದರು.

ಕೌತಾಳಂನಲ್ಲಿ ಆದೋನಿ ಬಸ್ಸಿಗೆ ಸೋಮಶೇಖರಪ್ಪನವರೂ ಹತ್ತಿದರು. ಇಬ್ಬರಿಗೂ ಸೀಟು ಸಿಕ್ಕಿತು. ನಾಲ್ಕು ವರ್ಷದಲ್ಲಿ ಹಾಲೇಶನಿಗೆ ಸೀಟು ಸಿಕ್ಕದ್ದು ಅದೇ ಮೊದಲು, ಅದನ್ನೂ ಶುಭವೆಂದುಕೊಂಡ. ಮಂಗಳಾಳಿಗೆ ಫೋನು ಮಾಡಿ, ಊದಿದ ಕೆನ್ನೆಯಲ್ಲೇ, "ಇನ್ನು ನೀನು ಏಳಕ್ಕ ಎದ್ದರ ನಡೀತೈತಿ" ಎಂದ.

ಬಸ್ಸು ನಾಲ್ಕು ಮೈಲಿ ದಾಟುವಷ್ಟರಲ್ಲಿ ರುದ್ರೇಶನ ಫೋನು.

"ಸಾರ್, ನಿಮ್ಮ ಸಾಲ್ಯಾಗ ಮಕ್ಕಳು ಎಷ್ಟು ಮಂದಿ ಅದಾರ?"

"ನಲವತ್ಮೂರು. ಯಾಕ್ರಿ? ಬೆಳಿಗ್ಗೆ ಹಾಜರಿ ಹಾಕೀನಲ್ಲ."

"ಅದು ಬೆಳಿಗ್ಗೆ ನೀವು ಬರೆದದ್ದು. ನಿಮ್ಮ ಅನಿಲದ ಫೋಟೋದಾಗ ಯಂತ್ರ ಕಂಡಿದ್ದು ಸೊನ್ನಿ. ಹನ್ನೊಂದನೇ ನಿಯಮ ಓದೀರೇನು? ಖೋಲಿ ಕಂಡರ ಒಳಗ ಮಕ್ಕಳು, ಬೆಂಚು, ಬೋರ್ಡು ಎಷ್ಟು ಅದಾವಂತ ಎಣಿಸಿ ಮ್ಯಾಲೆ ಕಳಿಸ್ತದ. ಸಾಲಿ ಟೈಮು, ಮಕ್ಕಳು ಸೊನ್ನಿ, ಬೆಂಚು ಸೊನ್ನಿ, ಬೋರ್ಡು ಸೊನ್ನಿ. ಮಕ್ಕಳಿಲ್ಲದ ಸಾಲಿಗಳ ಪಟ್ಟಿಗೆ ಹೋಗೇತಿ."

"ಮಕ್ಕಳು ಗ್ವಾಡಿ ಹಿಂದ ಇದ್ರು ರೀ. ನಾನs ಕೂಡಿಸಿದ್ದೆ."

"ಗ್ವಾಡಿ ಹಿಂದ ಯಾಕ ಕೂಡಿಸಿದ್ರಿ?"

ಹಾಲೇಶ್ ಫೋನನ್ನು ಊದದ ಕಿವಿಗೆ ಬದಲಿಸಿಕೊಂಡ.

"ಇನ್ನೊಂದು ಫೋಟೋ ಕಳಸ್ತೀನಿ ಸಾರ್. ನಾಳೆ, ಮಕ್ಕಳು ತುಂಬಿಕೊಂಡು."

"ಐದಕ್ಕ ಆ್ಯಪ್ ಮುಚ್ಚೇತಿ. ಸಾಲಿ ಬಂದ್, ಮೇಷ್ಟ್ರು ಇಬ್ಬರೂ ಹೆಚ್ಚುವರಿ. ಬ್ಯಾರೆ ಕಡೆ ಹಾಕೂ ಪಟ್ಟಿನೂ ಬಂತು. ಹೆಚ್ಚುವರಿಯೋರಿಗೆ ಮೆಮೊ ಗಿಮೊ ನೋಡಂಗಿಲ್ಲ ಸಾರ್, ಸೀನಿಯಾರಿಟಿ ಅಷ್ಟೇ. ಆದೋನಿ ಜಾಗ ಸೋಮಶೇಖರಪ್ಪ ಸಾರ್‌ಗೆ ಹೋತು."

"ನನಗ?"

"ಸಿ. ಬೆಳಗಲ್ ಕಡೆ. ಆದೋನಿಯಿಂದ ಎಮ್ಮಿಗನೂರಿಗೆ ಹೋಗಿ ಬಸ್ಸು ಬದಲಾಯಿಸಬೇಕು. ನಸುಕಿನ ನಾಲ್ಕೂವರೆಗೆ ಮೊದಲ ಬಸ್ಸು."

ಪಕ್ಕದಲ್ಲಿ ಸೋಮಶೇಖರಪ್ಪನವರು ತಮ್ಮ ಫೋನಿನಲ್ಲಿ ಏನನ್ನೋ ಎರಡೆರಡು ಸಲ ಓದಿದರು. ಆಮೇಲೆ ವಿಭೂತಿ ಮುಟ್ಟಿಕೊಂಡು ಹಾಲೇಶನ ತೊಡೆಯ ಮೇಲೆ ಕೈಯಿಟ್ಟರು.

"ಹಾಲೇಶ್, ನಿಮ್ಮ ಉಪಕಾರ ನಾನು ಮರೆಯಂಗಿಲ್ಲ. ಕೆನ್ನಿಗೆ ಏನಾರ ಹಚ್ಚಿಕೊಳ್ರಿ." ಚೀಲದಿಂದ ಒಂದಿಷ್ಟು ಹತ್ತಿ ಕಿತ್ತು ಕೊಟ್ಟರು.

ಹಾಲೇಶನ ಫೋನು ಮತ್ತೆ ಕುಂಯ್ ಅಂದಿತು. ಜಿಲ್ಲಾ ಕಚೇರಿಯ ಸಂದೇಶ. ತಮ್ಮ ಅನಿಲದ ಫೋಟೋ ಜಿಲ್ಲೆಯಲ್ಲೇ ಅತ್ಯುತ್ತಮವೆಂದು ಆಯ್ಕೆಯಾಗಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಶಸ್ತಿಪತ್ರ ಸ್ವೀಕರಿಸಲು ತಮ್ಮ ಶಾಲೆಯ ಎಲ್ಲ ವಿದ್ಯಾರ್ಥಿಗಳೊಂದಿಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಮೆಮೊ.